ದೇವರು ಒಳಗೋ, ಎದುರಿಗೋ? ಥೆಲೆಮಾದಲ್ಲಿ ದಾರಿ ಆರಿಸಿಕೊಳ್ಳುವವರಿಗೆ

ಅಲಿಸ್ಟರ್ ಕ್ರೋಲಿ ಶುರು ಮಾಡಿದ ಥೆಲೆಮಾ ಅನ್ನುವ ಆಧ್ಯಾತ್ಮಿಕ ಪಂಥದ ಬಗ್ಗೆ ಓದಲು ಶುರು ಮಾಡಿದವರಿಗೆ ಹದಿನೈದು ದಿನದೊಳಗೆ ಒಂದು ಗಂಟು ಎದುರಾಗುತ್ತದೆ. ಇಲ್ಲಿ ದೇವರು ಯಾರು? ನಾನೇನಾ? ಇಲ್ಲಾ, ನನ್ನ ಎದುರಿಗೆ ಬೇರೆ ಯಾರಾದರೂ ಇದ್ದಾರಾ? ಮೂಲ ಪುಸ್ತಕ 'ದಿ ಬುಕ್ ಆಫ್ ದಿ ಲಾ' ತೆರೆದರೆ ಅದು ಎರಡಕ್ಕೂ ಹೌದು ಅನ್ನುತ್ತದೆ. ಪ್ರತಿ ಗಂಡಸೂ ಪ್ರತಿ ಹೆಂಗಸೂ ಒಂದೊಂದು ನಕ್ಷತ್ರ ಅಂತ ಶುರುವಿನಲ್ಲೇ ಹೇಳಿಬಿಡುತ್ತದೆ. ಅದೇ ಅಧ್ಯಾಯದ ಕೊನೆಗೆ ಬಂದರೆ, ರಾತ್ರಿ ಆಕಾಶದ ಕೆಳಗೆ ನನಗೆ ಧೂಪ ಹಾಕು ಅಂತ ದೇವಿ ಕೇಳುತ್ತಾಳೆ. ನಕ್ಷತ್ರ ಯಾಕೆ ಧೂಪ ಹಾಕಬೇಕು?

ಈ ಪ್ರಶ್ನೆ ಬಗೆಹರಿದ ಮೇಲೆ ಸಾಧನೆ ಶುರು ಮಾಡೋಣ ಅಂತ ನಾನು ಸುಮಾರು ಎರಡು ವರ್ಷ ಬರೀ ಓದಿಕೊಂಡೇ ಕೂತಿದ್ದೆ. ದಂಡ. ಇಲ್ಲಿ ಮೊದಲು ಆರಿಸಿಕೊಳ್ಳಬೇಕಾದದ್ದು ಒಂದು ಸಂಬಂಧ. ಸಿದ್ಧಾಂತ ಆಮೇಲೆ ಬರುತ್ತದೆ, ಬರದಿದ್ದರೂ ನಡೆಯುತ್ತದೆ. ಹಾಗಾಗಿ ನಾಲ್ಕು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಯಾವುದು ಯಾರಿಗೆ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ.

ಮೊದಲು ಸ್ವಲ್ಪ ಹಿನ್ನೆಲೆ

ಗೊತ್ತಿದ್ದವರು ಇದನ್ನು ಹಾರಿಸಬಹುದು. ಅಲಿಸ್ಟರ್ ಕ್ರೋಲಿ 1875ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಪ್ಲಿಮತ್ ಬ್ರದರನ್ ಅನ್ನುವ ತುಂಬಾ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಮನೆಯಲ್ಲಿ ಬೆಳೆದವನು. 1904ರ ಏಪ್ರಿಲ್ 8, 9, 10, ಮೂರು ದಿನ ಕೈರೋದಲ್ಲಿ ಮಧ್ಯಾಹ್ನ 12ರಿಂದ 1ರವರೆಗೆ ಐವಾಸ್ ಅನ್ನುವ ದನಿ ಹೇಳಿದ್ದನ್ನು ಬರೆದುಕೊಂಡೆ ಅಂದ. ಅದೇ 'ದಿ ಬುಕ್ ಆಫ್ ದಿ ಲಾ'. ಮೂರು ಅಧ್ಯಾಯ, 220 ವಚನ. ಮೊದಲ ಅಧ್ಯಾಯದಲ್ಲಿ ಮಾತಾಡುವವಳು ನುಯಿತ್, ಕೊನೆಯಿಲ್ಲದ ಆಕಾಶ. ಎರಡನೆಯದರಲ್ಲಿ ಹದಿತ್, ಎಲ್ಲದರ ನಡುವಿನ ಬಿಂದು. ಮೂರನೆಯದರಲ್ಲಿ ರಾ-ಹೂರ್-ಖುಯಿತ್, ಗಿಡುಗದ ತಲೆಯ ದೇವರು, ಸಿಟ್ಟಿನವನು. ಥೆಲೆಮಾ ಅನ್ನುವುದು ಗ್ರೀಕ್ ಪದ, ಇಚ್ಛೆ ಅಂತ ಅರ್ಥ. ನಿನಗೆ ಬೇಕಾದ್ದು ಮಾಡು ಅಂತ ಜನ ಇದನ್ನು ಅಗ್ಗ ಮಾಡಿಬಿಟ್ಟಿದ್ದಾರೆ. ಇಲ್ಲಿ ಹೇಳುತ್ತಿರುವುದು ಬೆಳಿಗ್ಗೆ ಎದ್ದಾಗ ಹುಟ್ಟುವ ಆಸೆಯ ಮಾತಲ್ಲ. ನಕ್ಷತ್ರಕ್ಕೆ ಒಂದು ಪಥ ಇರುವ ಹಾಗೆ ನಿಮಗೂ ಒಂದು ಪಥ ಇದೆ, ಅದೇ ನಿಮ್ಮ ನಿಜ ಸಂಕಲ್ಪ, ಅದನ್ನು ಬಿಟ್ಟು ಬೇರೆ ಏನು ಮಾಡಲೂ ನಿಮಗೆ ಹಕ್ಕಿಲ್ಲ ಅನ್ನುವಷ್ಟು ಬಿಗಿಯಾದ ಮಾತು ಅದು.

ಇದು ನಮ್ಮ ಅದ್ವೈತವೇ ಅಲ್ವಾ ಅಂತ ಕನ್ನಡದಲ್ಲಿ ಯಾರಿಗೆ ಹೇಳಿದರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತಿರ ಇದೆ, ಆದರೆ ಅಲ್ಲ. ಶಂಕರರ ಹತ್ತಿರ ಹೋದರೆ ಈ ಭೇದ ಅವಿದ್ಯೆಯಿಂದ ಕಾಣುವುದು, ತಿಳಿವು ಬಂದ ಮೇಲೆ ಕಳಚುವುದು. ನುಯಿತ್ ಹೇಳುವುದೇ ಬೇರೆ. ಪ್ರೀತಿಗೋಸ್ಕರ, ಮತ್ತೆ ಕೂಡುವ ಸುಖಕ್ಕೋಸ್ಕರ ನಾನೇ ಒಡೆದುಕೊಂಡೆ ಅನ್ನುತ್ತಾಳೆ. ಅಂದರೆ ಬೇರೆಯಾಗಿರುವುದು ಮೋಸ ಹೋದದ್ದಲ್ಲ, ಬೇಕೆಂದೇ ಮಾಡಿಕೊಂಡ ಏರ್ಪಾಟು. ಹಾಗಂತ ದ್ವೈತವೂ ಅಲ್ಲ. ಜೀವ ಎಂದೆಂದಿಗೂ ಜೀವವೇ, ಹರಿಯೇ ಸರ್ವೋತ್ತಮ ಅನ್ನುವ ಉಡುಪಿಯ ಲೆಕ್ಕ ಇಲ್ಲಿ ಕೂರುವುದಿಲ್ಲ. ನಕ್ಷತ್ರಗಳ ಮಧ್ಯೆ ದೊಡ್ಡದು ಚಿಕ್ಕದು ಇರಬಹುದು, ಒಡೆಯ ಆಳು ಇಲ್ಲ.

ಸರಿ, ದಾರಿಗಳಿಗೆ ಬರೋಣ.

ದಿನಕ್ಕೆ ನಾಲ್ಕು ಸಲ ಸೂರ್ಯ

ಎಲ್ಲಕ್ಕಿಂತ ಸುಲಭದ್ದು ಲೀಬರ್ ರೇಶ್. ಲೀಬರ್ ಅಂದರೆ ಲ್ಯಾಟಿನ್‌ನಲ್ಲಿ ಪುಸ್ತಕ, ಕ್ರೋಲಿ ತನ್ನ ಸಾಧನೆಯ ಪಠ್ಯಗಳಿಗೆ ಇಟ್ಟ ಹೆಸರು. ಬೆಳಗಿನ ಜಾವ ಪೂರ್ವಕ್ಕೆ ಮುಖ ಮಾಡಿ ರಾ, ಮಧ್ಯಾಹ್ನ ದಕ್ಷಿಣಕ್ಕೆ ಅಹಾಥೂರ್, ಸಂಜೆ ಪಶ್ಚಿಮಕ್ಕೆ ತುಮ್, ನಡುರಾತ್ರಿ ಉತ್ತರಕ್ಕೆ ಖೆಫ್ರಾ. ಈಜಿಪ್ಟಿನ ಹೆಸರುಗಳು, ಒಂದೇ ಸೂರ್ಯ. ಸಂಧ್ಯಾವಂದನೆ ನೋಡಿದವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ, ಮೂರರ ಜೊತೆಗೆ ಒಂದು ಮಧ್ಯರಾತ್ರಿಯದ್ದು ಸೇರಿದೆ ಅಷ್ಟೆ. ಪ್ರತಿಸಲಕ್ಕೂ ಒಂದೆರಡು ನಿಮಿಷ ಸಾಕು.

ಇಲ್ಲಿ ದೇವರ ಜೊತೆ ಸಂಬಂಧ ಏನು? ಹೇಳಬೇಕೆಂದರೆ, ಜಾಸ್ತಿ ಏನೂ ಇಲ್ಲ. ನಮಸ್ಕಾರ ಹೇಳಿ ಮುಂದೆ ಹೋಗುವ ಸಂಬಂಧ. ಸಾಧಕನಿಗೆ ತನ್ನ ದೊಡ್ಡ ಕೆಲಸ ಏನು ಅನ್ನುವುದನ್ನು ದಿನದಲ್ಲಿ ನಾಲ್ಕು ಸಲ ನೆನಪಿಸುವುದೇ ಇದರ ಉದ್ದೇಶ ಅಂತ ಕ್ರೋಲಿಯೇ ಹೇಳುತ್ತಾನೆ. ಆದರೆ ಒಂದು ವಿಷಯ ಮೆಲ್ಲಗೆ ಒಳಗಿಳಿಯುತ್ತದೆ. ನಡುರಾತ್ರಿ ಕಾಣದ ಸೂರ್ಯನಿಗೆ ಕೈಮುಗಿಯುವಾಗ, ಸೂರ್ಯ ಎಲ್ಲೂ ಹೋಗಿಲ್ಲ, ತಿರುಗಿಕೊಂಡಿರುವುದು ನಾವು ಅನ್ನುವುದು ಮೈಗೆ ಗೊತ್ತಾಗುತ್ತದೆ. ಹಳೆಯ ಧರ್ಮಗಳು ಸೂರ್ಯ ಸತ್ತು ಹುಟ್ಟುತ್ತಾನೆ ಅಂದುಕೊಂಡು ಸಾಯುವ ದೇವರನ್ನು ಪೂಜಿಸಿದವು, ನಮ್ಮದು ಹಾಗಲ್ಲ ಅನ್ನುವುದು ಥೆಲೆಮಾದ ಒಂದು ಮುಖ್ಯ ವಾದ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಲೆಗೆ ಹತ್ತದ್ದು ನನಗೆ ಬಾಲ್ಕನಿಯಲ್ಲಿ, ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನಿಂತಾಗ ಹತ್ತಿತು.

ಕೈಕೊಡುವುದು ಎಲ್ಲಿ? ಯಾಂತ್ರಿಕ ಆಗಿಬಿಡುತ್ತದೆ. ಮಧ್ಯಾಹ್ನದ್ದು ಆಫೀಸಿನ ಮೆಟ್ಟಿಲ ಮೇಲೆ, ತುಟಿ ಅಲ್ಲಾಡಿಸದೆ, ಒಂದು ಕಣ್ಣು ಫೋನಿನ ಮೇಲೆ. ಮನಸ್ಸಿಗೆ ಪ್ರೀತಿ ಬೇಕು ಅನ್ನುವವರಿಗೆ ಇದು ಸಪ್ಪೆ.

ಪ್ರೀತಿಯ ದಾರಿ

ಲೀಬರ್ ಅಸ್ಟಾರ್ಟೆ. ಒಬ್ಬ ದೇವರನ್ನು ಆರಿಸಿಕೊಂಡು ಭಕ್ತಿಯಿಂದ ಅವರಲ್ಲಿ ಒಂದಾಗುವ ವಿಧಾನ. ಭಕ್ತಿಯೋಗ ಅನ್ನುವ ನಮ್ಮ ಪದವನ್ನೇ ಇದಕ್ಕೆ ಬಳಸಿದ್ದಾರೆ, ಕಾರಣವೂ ಇದೆ. ಕ್ರೋಲಿ 1901ರಲ್ಲಿ ಸಿಲೋನಿಗೆ ಬಂದು ಗೆಳೆಯ ಅಲನ್ ಬೆನೆಟ್ ಜೊತೆ ಕ್ಯಾಂಡಿಯಲ್ಲಿ ಯೋಗ ಅಭ್ಯಾಸ ಮಾಡಿದ್ದ, ಆಮೇಲೆ ಮಧುರೆಗೂ ಹೋಗಿದ್ದ. ಮುಂದೆ ತನ್ನ ಶಿಷ್ಯರ ಓದಿನ ಪಟ್ಟಿಯಲ್ಲಿ ವಿವೇಕಾನಂದರ 'ರಾಜಯೋಗ'ವನ್ನು ಸೇರಿಸಿದ.

ಅಸ್ಟಾರ್ಟೆಯಲ್ಲಿ ಪ್ರಾರ್ಥನೆಗೆ ಏಳು ಭಾಗ. ಮೊದಲು ಆಳು ಒಡೆಯನಿಗೆ ಮೊರೆಯಿಡುವ ಹಾಗೆ. ಆಮೇಲೆ ಸಾಮಂತ ರಾಜನಿಗೆ, ಮಗು ಹೆತ್ತವರಿಗೆ, ಪೂಜಾರಿ ದೇವರಿಗೆ, ಸೋದರ ಸೋದರನಿಗೆ, ಗೆಳೆಯ ಗೆಳೆಯನಿಗೆ, ಕೊನೆಗೆ ಪ್ರಿಯಕರ ಪ್ರಿಯತಮೆಗೆ. ದಾಸ್ಯ, ಸಖ್ಯ, ಮಾಧುರ್ಯ ಅಂತ ನಾವು ಕೇಳಿಕೊಂಡು ಬಂದದ್ದೇ. ವ್ಯತ್ಯಾಸ ಇರುವುದು ನಡಿಗೆಯಲ್ಲಿ. ನಮ್ಮಲ್ಲಿ ಒಬ್ಬ ಭಕ್ತ ಒಂದು ಭಾವ ಹಿಡಿದು ಬದುಕು ಪೂರ್ತಿ ಅದರಲ್ಲೇ ಇರಬಹುದು, ದಾಸನಾಗಿಯೇ ಇರುವುದು ಹೆಮ್ಮೆ. ಇಲ್ಲಿ ಒಂದೇ ಪ್ರಾರ್ಥನೆಯೊಳಗೆ ಏಳೂ ಮೆಟ್ಟಿಲು ಹತ್ತಬೇಕು. ಕಾಲಿಗೆ ಬಿದ್ದವನು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸರಿಸಮ ನಿಂತಿರಬೇಕು.

ಯಾವ ದೇವರು ಅನ್ನುವುದಕ್ಕೆ ಕಟ್ಟುಪಾಡು ಕಡಿಮೆ. ಶನಿಯಂಥ ಒಣ ಸ್ವಭಾವದ, ಥೋತ್‌ನಂಥ ಬರೀ ಬುದ್ಧಿಯ ದೇವರು ಈ ದಾರಿಗೆ ಅಷ್ಟು ಒಗ್ಗುವುದಿಲ್ಲ, ಪ್ರೀತಿಯ ಅಂಶ ಇರುವವರು ಬೇಕು ಅನ್ನುತ್ತದೆ. ಕ್ರಿಸ್ತನೂ ಒಸೈರಿಸ್‌ನೂ ಒಂದೇ ಆದರೂ ಕ್ರಿಸ್ತನಿಗೆ ಕ್ರೈಸ್ತ ಪದ್ಧತಿ, ಒಸೈರಿಸ್‌ಗೆ ಈಜಿಪ್ಟಿನ ಪದ್ಧತಿ, ಕಲಸುಮೇಲೋಗರ ಮಾಡಬೇಡಿ ಅನ್ನುತ್ತದೆ. ಇಂದಿನ ಎಷ್ಟೋ ಆಧ್ಯಾತ್ಮಿಕ ವರ್ಕ್‌ಶಾಪ್‌ಗಳಿಗೆ ಈ ಒಂದು ಸಾಲು ಬರೆದು ಕಳಿಸಬೇಕು ಅನ್ನಿಸುತ್ತದೆ.

ನಮ್ಮಂಥವರಿಗೆ ಇದೇ ಸುಲಭ ಅಂತ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಮನೆದೇವರನ್ನೇ ಆರಿಸಿಕೊಂಡೆ, ಹೊಸ ಫೋಟೋ ತಂದೆ, ದಿನಾ ಕೂತೆ. ಮೂರನೇ ವಾರ ಡೈರಿ ತಿರುವಿ ನೋಡಿದರೆ ನಾಚಿಕೆ ಆಯಿತು. ಅಪ್ಪನ ಮಂಡಿನೋವು, ಬಾಡಿಗೆ, ಅಪ್ರೈಸಲ್, ಇವೇ ಇದ್ದವು. ಭಕ್ತಿ ಅಂದುಕೊಂಡು ನಾನು ಮಾಡುತ್ತಿದ್ದದ್ದು ಹರಕೆ. ಚಿಕ್ಕಂದಿನಿಂದ ಆ ದೇವರ ಮುಂದೆ ನಿಂತಾಗೆಲ್ಲ ಏನಾದರೂ ಕೇಳಿಯೇ ಅಭ್ಯಾಸ, ಇದು ಆದರೆ ಅದು ಕೊಡ್ತೀನಿ ಅನ್ನುವ ಲೇವಾದೇವಿ. ನಾಲಿಗೆ ತಾನಾಗಿ ಅಲ್ಲಿಗೇ ಹೊರಳುತ್ತಿತ್ತು. ಹರಕೆ ತಪ್ಪು ಅಂತ ನಾನು ಹೇಳುತ್ತಿಲ್ಲ, ನಮ್ಮಮ್ಮನ ಮುಂದೆ ಹೇಳುವ ಧೈರ್ಯವೂ ಇಲ್ಲ. ಆದರೆ ಥೆಲೆಮಾದಲ್ಲಿ ದೇವರ ಹತ್ತಿರ ಹೋಗುವುದು ಏನಾದರೂ ತರುವುದಕ್ಕಲ್ಲ, ಕಳೆದುಹೋಗುವುದಕ್ಕೆ. ಹಾಗಾಗಿ ಕೇಳುವ ಚಾಳಿ ಇರುವ ದೇವರನ್ನು ಬಿಟ್ಟು, ಹಳೆಯ ಲೆಕ್ಕ ಇಲ್ಲದ ಒಬ್ಬರನ್ನು ಆರಿಸಿಕೊಳ್ಳಿ. ನಾನು ನುಯಿತ್ ಕಡೆ ತಿರುಗಿದೆ. ಆಕಾಶದ ಹತ್ತಿರ ಅಪ್ರೈಸಲ್ ಕೇಳಲು ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ. ನಡುವೆ ಒಣಗಿದ ದಿನಗಳು ಬಂದೇ ಬರುತ್ತವೆ. ಪ್ರೀತಿಯೂ ಇಲ್ಲ, ಬೇಜಾರೂ ಇಲ್ಲ, ಬರೀ ಅಗರಬತ್ತಿಯ ಹೊಗೆ. ಬಿಡುವವರೆಲ್ಲ ಅಲ್ಲೇ ಬಿಡುತ್ತಾರೆ.

ಕಾವಲು ದೇವದೂತ

ಥೆಲೆಮಾದ ನಡುಮನೆ ಇದೇ. ಪ್ರತಿಯೊಬ್ಬರಿಗೂ ಅವರವರದೇ ಒಬ್ಬ ಪವಿತ್ರ ಕಾವಲು ದೇವದೂತ ಇದ್ದಾನೆ, ಅವನನ್ನು ಅರಿಯುವುದು, ಅವನ ಜೊತೆ ಮಾತಾಡುವುದು, ಅಲ್ಲಿಂದಲೇ ನಿಜ ಸಂಕಲ್ಪ ಸ್ಪಷ್ಟ ಆಗುವುದು. ನಡುವೆ ಪುರೋಹಿತ ಇಲ್ಲ. ನಿಮ್ಮ ದೂತ ನಿಮಗೆ ಹೇಳಿದ್ದು ನಿಮಗೆ ಮಾತ್ರ.

ಈ ದೂತ ಯಾರು? ಇಲ್ಲೇ ಮಜಾ ಇರುವುದು. 1921ರಲ್ಲಿ ಕ್ರೋಲಿ ಸಿಸಿಲಿಯ ಚೆಫಲೂ ಊರಿನಲ್ಲಿ ಆಶ್ರಮ ಇಟ್ಟುಕೊಂಡಿದ್ದ. ಅಲ್ಲಿಗೆ ಆಸ್ಟ್ರೇಲಿಯಾದಿಂದ ಫ್ರಾಂಕ್ ಬೆನೆಟ್ ಅನ್ನುವ ಶಿಷ್ಯ ಬಂದ. ಅವನಿಗೆ ಕ್ರೋಲಿ ಹೇಳಿದ್ದು, ನಿನ್ನ ಮನಸ್ಸಿನ ಆಳದಲ್ಲಿ ಮುಚ್ಚಿಹೋಗಿರುವ ನಿಜವಾದ ನೀನೇ ಆ ದೂತ ಅಂತ. ಬೆನೆಟ್ ಅಲುಗಾಡಿಹೋದ. ಇಪ್ಪತ್ತು ಚಿಲ್ಲರೆ ವರ್ಷ ಬಿಟ್ಟು, ಮುದುಕ ಕ್ರೋಲಿ ಒಬ್ಬ ಶಿಷ್ಯೆಗೆ ಬರೆದ ಪತ್ರಗಳಲ್ಲಿ ಪೂರ್ತಿ ಉಲ್ಟಾ ಹೊಡೆದ. ದೂತ ನಿನ್ನೊಳಗಿನ ಮೇಲಿನ ಆತ್ಮ ಅಲ್ಲ, ಬೇರೆಯೇ ಒಬ್ಬ ವ್ಯಕ್ತಿ, ಸ್ವತಂತ್ರ ಇರವು ಅಂದ. ಥೆಲೆಮಾದವರು ಇವತ್ತಿಗೂ ಇದರ ಬಗ್ಗೆ ಜಗಳ ಆಡುತ್ತಾರೆ. ನನ್ನ ಅನಿಸಿಕೆ ಕೇಳಿದರೆ, ಅಭ್ಯಾಸ ಮಾಡುವಾಗ ಎರಡನೆಯದನ್ನು ಹಿಡಿಯಿರಿ. ನಾನೇ ಅವನು ಅಂದುಕೊಂಡು ಕೂತರೆ ಕರೆಯುವುದಕ್ಕೆ ದನಿಯೇ ಹೊರಡುವುದಿಲ್ಲ. ಯಾರನ್ನು ಕರೆಯುವುದು? ಜೊತೆಗೆ, ನಮಗೆ ಬೇಕಾದ್ದನ್ನೇ ದೂತನ ಬಾಯಲ್ಲಿ ಹೇಳಿಸಿಬಿಡುವ ಅಪಾಯವೂ ಇದೆ. ಎದುರಿಗಿರುವವನಾದರೆ ಇಲ್ಲ ಅನ್ನಬಲ್ಲ.

ಈ ಕೆಲಸಕ್ಕೆ ಎರಡು ಪದ್ಧತಿ ಹೆಸರುವಾಸಿ. ಒಂದು ಅಬ್ರಮೆಲಿನ್, ಅದೇ ಹೆಸರಿನ ಹಳೆಯ ಮಾಂತ್ರಿಕ ಪುಸ್ತಕದ್ದು. ಪ್ಯಾರಿಸಿನ ಒಂದು ಫ್ರೆಂಚ್ ಹಸ್ತಪ್ರತಿಯಿಂದ ಗೋಲ್ಡನ್ ಡಾನ್ ಅನ್ನುವ ಮಾಂತ್ರಿಕ ಸಂಘದ ಮುಖ್ಯಸ್ಥ ಮ್ಯಾಥರ್ಸ್ 1890ರ ದಶಕದ ಕೊನೆಯಲ್ಲಿ ಇಂಗ್ಲಿಷಿಗೆ ತಂದದ್ದು. ಆರು ತಿಂಗಳು ಪ್ರತ್ಯೇಕ ಮನೆ, ಪ್ರತ್ಯೇಕ ಪ್ರಾರ್ಥನೆಯ ಕೋಣೆ, ದಿನಾ ಪ್ರಾರ್ಥನೆ, ಜನರಿಂದ ದೂರ. ಜರ್ಮನ್ ಪ್ರತಿಗಳಲ್ಲಿ ಇದೇ ಕೆಲಸಕ್ಕೆ 18 ತಿಂಗಳು. ಕ್ರೋಲಿ ಇದಕ್ಕಾಗಿಯೇ 1899ರಲ್ಲಿ ಸ್ಕಾಟ್ಲೆಂಡಿನ ಲಾಕ್ ನೆಸ್ ಕೆರೆಯ ದಡದಲ್ಲಿ ಬೋಲೆಸ್ಕಿನ್ ಮನೆ ಕೊಂಡ. ಮುಗಿಸಲಿಲ್ಲ. ತಾನೂ ಸದಸ್ಯನಾಗಿದ್ದ ಗೋಲ್ಡನ್ ಡಾನ್ ಸಂಘದಲ್ಲಿ ಜಗಳ ಹತ್ತಿತು, ಅರ್ಧಕ್ಕೆ ಎದ್ದು ಹೋದ. ಆಮೇಲೆ ಮಾಡಿದ್ದು ಹೇಗೆ ಗೊತ್ತಾ? 1905-06ರಲ್ಲಿ ಹೆಂಡತಿ ರೋಸ್, ಪುಟ್ಟ ಮಗಳ ಜೊತೆ ದಕ್ಷಿಣ ಚೀನಾ ದಾಟುತ್ತಾ, ಮನಸ್ಸಿನಲ್ಲೇ ಗುಡಿ ಕಟ್ಟಿಕೊಂಡು ದಿನಾ ಕರೆದ. ಮನೆ ಕೊಂಡಾಗ ಆಗದ್ದು ದಾರಿಯಲ್ಲಿ ಮುಂದುವರಿಯಿತು.

ಇನ್ನೊಂದು ಲೀಬರ್ ಸಾಮೆಖ್. ಮೇಲೆ ಹೇಳಿದ ಫ್ರಾಂಕ್ ಬೆನೆಟ್‌ಗೋಸ್ಕರ ಚೆಫಲೂವಿನಲ್ಲಿ ಬರೆದದ್ದು. ಹಳೆಯ ಗ್ರೀಕ್-ಈಜಿಪ್ಟ್ ಪಪೈರಸ್‌ನ ಒಂದು ಮಂತ್ರ ಇದರ ತಳಪಾಯ. ಲೆಕ್ಕ ಹೀಗೆ: ಒಂದು ತಿಂಗಳು ದಿನಕ್ಕೊಮ್ಮೆ, ಎರಡು ತಿಂಗಳು ದಿನಕ್ಕೆರಡು ಸಲ, ಮೂರು ತಿಂಗಳು ಮೂರು ಸಲ, ನಾಲ್ಕು ತಿಂಗಳು ನಾಲ್ಕು ಸಲ. ಹನ್ನೊಂದನೇ ತಿಂಗಳು ಪೂರ್ತಿ ಅದಕ್ಕೇ ಮೀಸಲು. ತಿಂಗಳು ಅಂದರೆ ಚಾಂದ್ರಮಾನದ್ದು.

ಎರಡರಲ್ಲಿ ಯಾವುದು ಅಂತ ಕೇಳಿದರೆ ನಾನು ಯೋಚಿಸದೆ ಸಾಮೆಖ್ ಅನ್ನುತ್ತೇನೆ. ಆರು ತಿಂಗಳು ಒಬ್ಬರೇ ಇರಲು ರಜೆ ಯಾರು ಕೊಡುತ್ತಾರೆ? ಕೊಟ್ಟರೂ ಒಬ್ಬರೇ ಇರುವುದು ಎಲ್ಲರ ಮನಸ್ಸಿಗೂ ಒಳ್ಳೆಯದಲ್ಲ. ನಿದ್ದೆ ಬಿಟ್ಟುಹೋಗುವ, ಖಿನ್ನತೆಗೆ ಅಥವಾ ಮನಸ್ಸಿನ ಬೇರೆ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ಇದಕ್ಕೆ ಕೈ ಹಾಕುವ ಮೊದಲು ಡಾಕ್ಟರ ಹತ್ತಿರ ಮಾತಾಡಿ, ಮಾತ್ರೆ ಮಾತ್ರ ಬಿಡಬೇಡಿ. ಮತ್ತೆ, ಎಲ್ಲದರಲ್ಲೂ ಸೂಚನೆ ಕಾಣುವ ಕಾಯಿಲೆ ಈ ದಾರಿಯಲ್ಲಿ ಬೇಗ ಅಂಟುತ್ತದೆ. ಗ್ರೀಕ್ ಅಕ್ಷರಗಳ ಲೆಕ್ಕದಲ್ಲಿ ಥೆಲೆಮಾ ಅನ್ನುವುದಕ್ಕೂ ಪ್ರೀತಿ ಅನ್ನುವ ಅರ್ಥದ ಅಗಾಪೆಗೂ 93 ಬರುತ್ತದೆ, ಹಾಗಾಗಿ ಇವರು ಸಿಕ್ಕಾಗ 93 ಅಂತಲೇ ನಮಸ್ಕಾರ ಹೇಳುವುದು. ಅದನ್ನು ತಿಳಿದ ಮೇಲೆ ಬಸ್ ನಂಬರ್, ಹೋಟೆಲ್ ಬಿಲ್, ಎಲ್ಲದರಲ್ಲೂ 93 ಕಾಣುತ್ತದೆ. ಅದು ದೂತ ಅಲ್ಲ, ಬರೀ ಬಿಲ್.

ಜನರ ಜೊತೆ ಕೂಡಿ

ನಾಸ್ಟಿಕ್ ಮಾಸ್. ನಾಸ್ಟಿಕ್ ಅಂದರೆ ನಾಸ್ತಿಕ ಅಲ್ಲ ಮಾರಾಯ್ರೇ, ನಮ್ಮಕ್ಕ ಅದನ್ನೇ ಅಂದುಕೊಂಡು ಅಮ್ಮನಿಗೆ ಫೋನ್ ಮಾಡಿದ್ದಳು. ನೋಸಿಸ್, ಅಂದರೆ ಅರಿವು, ಅದರಿಂದ ಬಂದ ಮಾತು. 1913ರಲ್ಲಿ ಕ್ರೋಲಿ ಮಾಸ್ಕೋದಲ್ಲಿ ಇದನ್ನು ಬರೆದ. ಪೂಜಾರಿ, ಪೂಜಾರಿಣಿ, ಡೀಕನ್ ಅನ್ನುವ ಸಹಾಯಕ, ಇಬ್ಬರು ಮಕ್ಕಳು, ಎದುರಿಗೆ ಜನ. ಥೆಲೆಮಾ ಪಾಲಿಸುವ ಓಟಿಓ ಅನ್ನುವ ಸಂಘದವರು ನಡೆಸುತ್ತಾರೆ.

ಹೊರಗಿನಿಂದ ನೋಡಿದರೆ ಚರ್ಚಿನ ಪೂಜೆಯ ಹಾಗೇ ಇದೆ, ರೊಟ್ಟಿ ಇದೆ, ವೈನ್ ಇದೆ. ಆದರೆ ಕೊನೆಯಲ್ಲಿ ಒಂದು ತಿರುವು. ಬಂದವರೆಲ್ಲ ಒಬ್ಬೊಬ್ಬರಾಗಿ ಮುಂದೆ ಹೋಗಿ ತಿಂದು, ಕುಡಿದು, ಜನರ ಕಡೆ ತಿರುಗಿ, ಎದೆ ಮೇಲೆ ಕೈಕಟ್ಟಿ, ದೇವರುಗಳದ್ದಲ್ಲದ ಭಾಗ ನನ್ನಲ್ಲಿ ಒಂದೂ ಇಲ್ಲ ಅಂತ ಸಾರಬೇಕು. ಪೂಜಾರಿ ನಿಮಗೆ ಕ್ಷಮೆ ಕೊಡುವುದಿಲ್ಲ, ತೀರ್ಥ ಕೊಟ್ಟು ಆಶೀರ್ವಾದ ಮಾಡಿದರೆ ಅಲ್ಲಿಗೇ ಮುಗಿಯುವುದೂ ಇಲ್ಲ. ಮಾತು ನಿಮ್ಮ ಬಾಯಿಂದ ಬರಬೇಕು, ನಾಲ್ಕು ಜನರ ಮುಂದೆ. ಕೋಣೆಯಲ್ಲಿ ಒಬ್ಬರೇ ಇದ್ದಾಗ ನಾನು ದೇವರು ಅನ್ನುವುದು ಸುಲಭ. ಹಾಗೇ ಅನ್ನಲಿರುವ ಇನ್ನೂ ಹತ್ತು ಜನರ ಮುಖ ನೋಡಿಕೊಂಡು ಅನ್ನುವುದು ಬೇರೆ. ನೀವೊಬ್ಬರೇ ನಕ್ಷತ್ರ ಅಲ್ಲ ಅಂತ ಕಣ್ಣೆದುರೇ ಕಾಣುತ್ತದೆ.

ತೊಂದರೆ ಎಂದರೆ ಇದು ಒಬ್ಬರಿಗೆ ಆಗುವ ಕೆಲಸ ಅಲ್ಲ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇರುವ ಕನ್ನಡಿಗರಿಗೆ ಹೋಗಿ ನೋಡುವ ಅನುಕೂಲ ಜಾಸ್ತಿ. ಹೋಗುವ ಮೊದಲು ಎರಡು ವಿಷಯ ಕೇಳಿ ತಿಳಿದುಕೊಳ್ಳಿ. ಪೂಜಾರಿಣಿ ಒಂದು ಘಟ್ಟದಲ್ಲಿ ಬತ್ತಲೆ ಇರಬಹುದು ಅಂತ ಪಠ್ಯದಲ್ಲೇ ಇದೆ. ರೊಟ್ಟಿಗೆ ಹಿಟ್ಟು, ಜೇನು, ವೈನಿನ ಗಷ್ಟು, ಎಣ್ಣೆಯ ಜೊತೆ ರಕ್ತದ ಮಾತೂ ಮೂಲದಲ್ಲಿದೆ. ಅಲ್ಲಿಗೆ ಹೋಗಿ ಗಾಬರಿಯಾಗುವುದಕ್ಕಿಂತ ಮೊದಲೇ ಕೇಳುವುದು ವಾಸಿ.

ಹಾಗಾದರೆ ಯಾವುದು?

ಮನಸ್ಸು ಚಂಚಲ, ದಿನಚರಿ ಇಲ್ಲ, ಯಾವ ದೇವರ ಮೇಲೂ ಪ್ರೀತಿ ಹುಟ್ಟುವುದಿಲ್ಲ ಅನ್ನುವವರು ರೇಶ್ ಹಿಡಿಯಿರಿ. ದೇವರ ಮುಂದೆ ಕೂತರೆ ಕಣ್ಣು ತುಂಬುತ್ತದೆ ಅನ್ನುವವರಿಗೆ ಅಸ್ಟಾರ್ಟೆ, ಮೇಲೆ ಹೇಳಿದ ಹರಕೆಯ ಎಚ್ಚರದ ಜೊತೆ. ಬದುಕಿನಲ್ಲಿ ಏನು ಮಾಡಬೇಕು ಅನ್ನುವುದೇ ಒಳಗೆ ಕೊರೆಯುತ್ತಿದ್ದರೆ ಅದು ದೂತನ ಪ್ರಶ್ನೆ, ಆದರೆ ಒಂದು ವರ್ಷವಾದರೂ ರೇಶ್ ಮತ್ತು ಡೈರಿ ಬಿಡದೆ ನಡೆಸಿದ ಮೇಲೆ ಅಲ್ಲಿಗೆ ಹೋಗಿ. ಒಬ್ಬರೇ ಮಾಡಿ ಮಾಡಿ ತಲೆ ಸ್ವಲ್ಪ ಊದಿಕೊಂಡಿದೆ ಅಂತ ಹೆಂಡತಿಯೋ ಗೆಳೆಯರೋ ಹೇಳಲು ಶುರು ಮಾಡಿದ್ದರೆ, ಮಾಸ್.

ಒಂದನ್ನು ಹಿಡಿದರೆ ಇನ್ನೊಂದು ಬಿಡಬೇಕು ಅಂತಿಲ್ಲ. ಆದರೆ ಒಟ್ಟಿಗೇ ನಾಲ್ಕನ್ನು ಶುರು ಮಾಡಿದವರು ಯಾವುದರಲ್ಲೂ ನಿಲ್ಲುವುದಿಲ್ಲ. ಡೈರಿ ಅಂದೆನಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಸವಿ, ಹೊತ್ತು, ಏನು ಮಾಡಿದೆ, ಏನಾಯಿತು, ಇಷ್ಟೇ. ಏನೂ ಆಗದಿದ್ದರೆ ಏನೂ ಆಗಲಿಲ್ಲ ಅಂತ. ನನ್ನ ಹರಕೆಯ ಕತೆ ಹೊರಬಿದ್ದದ್ದು ಅದರಿಂದಲೇ.

ಮನೆ ಪೂಜೆ ಬಿಡಬೇಕಾ ಅಂತ ಕೇಳುತ್ತಾರೆ. ಬಿಡಿ ಅಂತ ನಿಮಗೆ ಹೇಳುವವರು ಯಾರೂ ಇಲ್ಲ. ಆದರೆ ಮೂರನೇ ಅಧ್ಯಾಯದಲ್ಲಿ ರಾ-ಹೂರ್-ಖುಯಿತ್ ಯೇಸುವಿನಿಂದ ಹಿಡಿದು ಬುದ್ಧನವರ, ನಮ್ಮವರ ತನಕ ಹಲವು ಧರ್ಮಗಳನ್ನು ಕೊಕ್ಕಿನಿಂದ ಕುಕ್ಕುವ, ಉಗುರಿನಿಂದ ಸೀಳುವ ಮಾತಾಡುತ್ತಾನೆ, ಇದನ್ನು ಮುಚ್ಚಿಟ್ಟು ಪರಿಚಯ ಮಾಡಿಕೊಡುವುದು ಸರಿಯಲ್ಲ. ಹಳೆಯ ಕಟ್ಟುಗಳನ್ನು ಹರಿಯುವ ಮಾತು ಅಂತ ಕೆಲವರು ಓದುತ್ತಾರೆ, ಕೆಲವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನಾನು ಇನ್ನೂ ಆ ಪುಟಕ್ಕೆ ಬಂದಾಗ ಸ್ವಲ್ಪ ತಡೆಯುತ್ತೇನೆ. ಕ್ರೋಲಿ ಮನುಷ್ಯನಾಗಿ ಹೇಗಿದ್ದ ಅನ್ನುವುದಕ್ಕೂ ಇದೇ ಮಾತು. ಹೆರಾಯಿನ್ ಚಟ, ಹತ್ತಿರದವರನ್ನು ನಡೆಸಿಕೊಂಡ ರೀತಿ, ಎಲ್ಲ ಓದಿ ತಿಳಿದುಕೊಂಡೇ ಬನ್ನಿ.

ಕೊನೆಗೆ, ಇಷ್ಟೆಲ್ಲ ಬರೆದ ನನ್ನ ಮಾತನ್ನು ಎಷ್ಟು ನಂಬಬೇಕು? 1925ರಲ್ಲಿ ಟ್ಯೂನಿಸ್‌ನಲ್ಲಿ ಕ್ರೋಲಿ ಆ ಪುಸ್ತಕಕ್ಕೆ ಒಂದು ಪುಟ್ಟ ಟಿಪ್ಪಣಿ ಸೇರಿಸಿದ. ಪುಸ್ತಕದ ಬಗ್ಗೆ ಚರ್ಚೆ ಮಾಡುವವರನ್ನು ಪ್ಲೇಗಿನ ಹಾಗೆ ದೂರ ಇಡಿ, ಅನುಮಾನ ಬಂದರೆ ಪ್ರತಿಯೊಬ್ಬರೂ ತಾವೇ ನನ್ನ ಬರಹ ನೋಡಿ ತೀರ್ಮಾನಿಸಿಕೊಳ್ಳಿ ಅಂತ. ಆ ಲೆಕ್ಕದಲ್ಲಿ ನಾನೀಗ ಪ್ಲೇಗು. ಗಂಟೆ ಹನ್ನೆರಡಾಗುತ್ತಾ ಬಂತು, ಬಾಲ್ಕನಿಗೆ ಹೋಗಬೇಕು.